ಒಂದು ಗ್ರಾಂ ಉರಿ

ಇಪ್ಪತ್ತೆರಡು ವರ್ಷ ಶಕ್ತಿನಗರದ ಲ್ಯಾಬಿನಲ್ಲಿ
ನನ್ನದು ಇದೊಂದೇ ಕೆಲಸ:
ಸಿಂಗರೇಣಿಯಿಂದ ಬಂದ ರೇಕಿನ ಕಲ್ಲಿದ್ದಲು
ಕುಟ್ಟಿ, ಜರಡಿ ಹಿಡಿದು, ಒಂದೇ ಒಂದು ಗ್ರಾಂ
ಮೂಸೆಯಲ್ಲಿಟ್ಟು, ಉಕ್ಕಿನ ಬಾಂಬಿನೊಳಗೆ ಮುಚ್ಚಿ,
ಆಮ್ಲಜನಕ ತುಂಬಿ, ನೀರಿಗಿಳಿಸಿ
ಗುಂಡಿ ಒತ್ತುವುದು.

ಒಳಗೆ ಏನಾಯಿತೆಂದು ಕಾಣುವುದಿಲ್ಲ.
ನೀರು ಒಂದೂವರೆ ಡಿಗ್ರಿ ಬಿಸಿಯಾಗುತ್ತದೆ, ಅಷ್ಟೆ.
ಅಷ್ಟರಿಂದಲೇ ಬರೆಯುತ್ತೇನೆ:
ಕಿಲೋಗೆ ಮೂರು ಸಾವಿರದ ಐನೂರು. ಬೂದಿ ನೂರಕ್ಕೆ ನಲವತ್ತು.
ಸಹಿ, ಹಂಪಮ್ಮ ಗಬ್ಬೂರ.

ಮೊನ್ನೆ ಕಾಲೋನಿ ಆಸ್ಪತ್ರೆಯ ಡಾಕ್ಟರಮ್ಮ
ನನ್ನ ಮಂಡಿ ಒತ್ತಿ, ತೂಕದ ಮುಳ್ಳು ನೋಡಿ,
"ಎಪ್ಪತ್ತೊಂಬತ್ತು ಆಗ್ಯಾವಲ್ಲರೀ, ಹತ್ತು ಇಳಸ್ರಿ.
ದಿನಕ್ಕ ಎಷ್ಟು ಕ್ಯಾಲೊರಿ ಸುಡತೀರಿ, ಗೊತ್ತೈತೇನು?"
ನಗು ಬಂತು.
ಸುಡುವ ಲೆಕ್ಕ ಯಾರನ್ನು ಕೇಳುತ್ತಿದ್ದಾಳೆ ಈ ಹುಡುಗಿ!
ಆಮೇಲೆ ನಗು ನಿಂತಿತು.
ರೇಕುಗಟ್ಟಲೆ ಇದ್ದಿಲಿನ ಗುಟ್ಟು ಬಲ್ಲವಳು
ನನ್ನ ಒಲೆಯ ಬಾಗಿಲು ಒಮ್ಮೆಯೂ ತೆಗೆದು ನೋಡಿರಲಿಲ್ಲ.

ಅವತ್ತು ರಾತ್ರಿ ಪಾಳಿ. ಹಳೆ ಲಾಗ್ ಬುಕ್ಕಿನ ಕೊನೆಯ ಪುಟದಲ್ಲಿ
ಎತ್ತರ, ತೂಕ, ಐವತ್ತೆರಡರ ವಯಸ್ಸು
ಗುಣಿಸಿ, ಕೂಡಿಸಿ, ಕಳೆದು ನೋಡಿದರೆ
ಏನೂ ಮಾಡದೆ ಚಾಪೆಯ ಮೇಲೆ ಬಿದ್ದುಕೊಂಡರೂ
ಸಾವಿರದ ಮುನ್ನೂರು ಸುಡುತ್ತದಂತೆ ಈ ಮೈ.
ಎದೆ ಬಡಿಯಲು, ಮಿದುಳು ಕನಸು ಕಾಣಲು,
ರಕ್ತ ಬೆಚ್ಚಗಿರಲು.
ಅರವತ್ತು ವ್ಯಾಟಿನ ಹಳೇ ಬಲ್ಬು ನಾನು,
ಹುಟ್ಟಿದಾಗಿನಿಂದ ಯಾರೂ ಆರಿಸಿಲ್ಲ.

ನಮ್ಮ ಪ್ಲಾಂಟೂ ಹೀಗೇ,
ಹುಟ್ಟಿಸಿದ ಕರೆಂಟಿನಲ್ಲಿ ನೂರಕ್ಕೆ ಎಂಟೊಂಬತ್ತು ಭಾಗ
ಗೇಟು ದಾಟುವುದೇ ಇಲ್ಲ;
ಫ್ಯಾನು, ಪಂಪು, ಇದ್ದಿಲು ಬೀಸುವ ಗಿರಣಿ ತಾವೇ ನುಂಗುತ್ತವೆ.
ನನ್ನದು ಇನ್ನೂ ದುಬಾರಿ ಸಂಸಾರ.
ನೂರಕ್ಕೆ ಎಪ್ಪತ್ತು ಮನೆಖರ್ಚಿಗೇ ಹೋಗುತ್ತದೆ.
ಉಳಿದದ್ದರಲ್ಲಿ ರೊಟ್ಟಿ ಬಡಿಯುವುದು, ಮೆಟ್ಟಿಲು ಹತ್ತುವುದು,
ಉಂಡದ್ದನ್ನು ಅರಗಿಸುವುದು.
ಹೌದು, ಉಣ್ಣುವುದಕ್ಕೂ ಒಂದಿಷ್ಟು ಉರಿ ಬೇಕು.

ಗೇಟಿನೆದುರು ಮೌಲಾಸಾಬನ ಬಂಡಿ:
ಒಂದು ಪ್ಲೇಟು ಒಗ್ಗರಣಿ, ಎರಡು ಮಿರ್ಚಿ.
ಆರುನೂರು.
ಅದನ್ನು ಸುಡಲು ದೇವಸೂಗೂರಿಗೆ ನಡೆದು ಹೋಗಿ ಬಂದು
ಮತ್ತೆ ಹೋಗಿ ಬರಬೇಕು.
ಎರಡನೇ ಮಿರ್ಚಿ ಬಿಡುವುದು ಸುಲಭ ಅಂತ ನಾನು ಹೇಳಲಾರೆ.
ಮೌಲಾಸಾಬ ಮುಖ ನೋಡುತ್ತಾನೆ.

ಇನ್ನೊಂದು ತಿಳಿಯಿತು:
ಸೊಂಟದ ಕೊಬ್ಬು ಕಿಲೋಗೆ ಏಳು ಸಾವಿರದ ಏಳ್ನೂರು!
ಇಂಥ ಮಾಲು ಒಂದು ರೇಕು ಬಂದಿದ್ದರೆ
ಎಂಜಿನಿಯರರು ವ್ಯಾಗನ್ನಿಗೆ ಹಾರ ಹಾಕುತ್ತಿದ್ದರು.
ನನ್ನ ಯಾರ್ಡಿನಲ್ಲಿ ಸುಮ್ಮನೆ ಗುಡ್ಡೆ ಬಿದ್ದಿದೆ
ಎರಡು ಬಾಣಂತನದ ಅಂಟಿನುಂಡಿ,
ಸಾವಿರ ರಾತ್ರಿ ಪಾಳಿಗಳ ಸಕ್ಕರೆ ಚಹಾ.

ವ್ಯಾಗನ್ನಿನಿಂದ ಸ್ಯಾಂಪಲ್ ತರುವ ತಾಯಪ್ಪ
"ನಂದೂ ಹಾಕ್ರಿ ಮೇಡಂ" ಅಂದ.
ಐವತ್ತೊಂದು ಕಿಲೋ.
ನಲವತ್ತಮೂರರ ಬಿಸಿಲಲ್ಲಿ ದಿನವಿಡೀ ಸುತ್ತಿಗೆ.
ಮೂರು ಸಾವಿರದ ಹತ್ತಿರ ಬಂತು.
ಬುತ್ತಿಯಲ್ಲೇನು ಅಂದೆ.
ಎರಡು ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ.
ಕೂಡಿಸುತ್ತ ಕೂಡಿಸುತ್ತ ಪೆನ್ನು ನಿಂತಿತು.
"ಎಷ್ಟ್ ಬಂತ್ರಿ?"
"ಬಾಯ್ಲರ್ ಛಲೋ ಐತೋ ಮಾರಾಯ,
ಮಾಲು ಕಮ್ಮಿ ಬೀಳಾಕತ್ತೈತಿ."
ಹಲ್ಲು ಕಾಣುವಂತೆ ನಕ್ಕ. ಹಲ್ಲಿಗೂ ಇದ್ದಿಲ ಪುಡಿ.

ಈಗ ನನ್ನ ಡಬ್ಬಿಯಿಂದ ಎರಡು ರೊಟ್ಟಿ ಅವನ ಕಡೆ ಹೋಗುತ್ತವೆ.
"ಡಾಕ್ಟರು ಬ್ಯಾಡಂದಾರ, ಕೆಡಸಬ್ಯಾಡ ತಿನ್ನು" ಅನ್ನುತ್ತೇನೆ.
ಸುಳ್ಳಲ್ಲ.

ಎರಡು ತಿಂಗಳಿಗೆ ಎರಡೂ ಕಾಲು ಕಿಲೋ ಇಳಿದಿದೆ.
ಹೋದದ್ದು ಎಲ್ಲಿಗೆ?
"ಬೆವರಿನಾಗ" ಅನ್ನುತ್ತಾನೆ ತಾಯಪ್ಪ. ನಾನೂ ಹಾಗೇ ತಿಳಿದಿದ್ದೆ.
ಅಲ್ಲ. ಬಹುಪಾಲು ಉಸಿರಿನಲ್ಲಿ.
ಸುಟ್ಟ ಇದ್ದಿಲು ಹೋಗುವ ದಾರಿಯಲ್ಲೇ.

ಬೆಳಗಿನ ಜಾವ ಕೃಷ್ಣೆಯ ಸೇತುವೆ ಹಿಡಿದು
ಏದುಸಿರು ಬಿಡುತ್ತ ನಿಲ್ಲುತ್ತೇನೆ.
ಹಿಂದೆ ಚಿಮಣಿ.
ಅದರದ್ದು ಕಾಣುತ್ತದೆ, ನನ್ನದು ಕಾಣುವುದಿಲ್ಲ.
ಇವತ್ತು ಗಾಳಿ ಆಚೆ ದಂಡೆಗೆ ಬೀಸುತ್ತಿದೆ;
ಎರಡೂ ಕೂಡಿ ತೆಲಂಗಾಣಕ್ಕೆ ಹೊರಟಿವೆ,
ಟಿಕೀಟಿಲ್ಲದೆ.